ಖಾಲಿ ತೂಕ

ಮಾಚೇನಹಳ್ಳಿ ದಾಟಿದ ಮೇಲೆ ಎಡಕ್ಕೆ ನಮ್ಮ ವೇ ಬ್ರಿಡ್ಜು.
ಎಂಟಕ್ಕೆ ಕಿಟಕಿ ತೆಗೆದು ಕೂರುತ್ತೇನೆ.
ಲಾರಿ ಹತ್ತುತ್ತದೆ, ಕಬ್ಬಿಣದ ಹಾಸು ಒಮ್ಮೆ ನರಳುತ್ತದೆ,
ಕೆಂಪು ಅಂಕಿಗಳು ಓಡಿ ಓಡಿ ಸುಸ್ತಾಗಿ ನಿಲ್ಲುತ್ತವೆ.
ತುಂಬಿದ ತೂಕ, ಖಾಲಿ ತೂಕ, ನಿವ್ವಳ.
ಮೂರು ಪ್ರತಿ: ಬಿಳಿ, ಗುಲಾಬಿ, ಹಳದಿ.

ಊಟದ ಹೊತ್ತಲ್ಲಿ ಯಾರೂ ಇಲ್ಲದಾಗ
ನಾನೇ ಹೋಗಿ ಹಾಸಿನ ನಡುವೆ ನಿಂತೆ.
ನಲವತ್ತು.
ಹೋದ ದೀಪಾವಳಿಗೆ ಐವತ್ತು ತೋರಿಸಿತ್ತು.
ಈ ಯಂತ್ರಕ್ಕೆ ಹತ್ತರ ಮಗ್ಗಿ ಮಾತ್ರ ಗೊತ್ತು,
ನಡುವೆ ಏನು ಬಂತು ಏನು ಹೋಯಿತು
ಕೇಳಬಾರದು.

ಗೋಧಿ ಬಿಟ್ಟು ಎರಡು ವರ್ಷ ನಾಲ್ಕು ತಿಂಗಳು.
ಗಂಟಲಲ್ಲಿ ನಳಿಕೆ ಇಳಿಸಿ, ಕರುಳಿನ ಚೂರು ಕಿತ್ತು ಪರೀಕ್ಷೆಗೆ ಕಳಿಸಿ
ಸೀಲಿಯಾಕ್ ಅಂದರು ದುರ್ಗಿಗುಡಿಯ ಡಾಕ್ಟರು:
'ಒಳಗೆ ಮಖಮಲ್ಲಿನ ಹಾಗೆ ಇರಬೇಕಮ್ಮ,
ನಿಮ್ಮದು ಸವೆದ ಕಾಲೊರಸು.'
ಅಕ್ಕಿಯ ಸೀಮೆಯಲ್ಲಿ ಹುಟ್ಟಿದವಳಿಗೆ ಇದೇನು ಕಷ್ಟ, ಅಂದರು ಎಲ್ಲರೂ.
ಕಡುಬಿದೆ, ರೊಟ್ಟಿಯಿದೆ, ಗಂಜಿಯಿದೆ.
ನಿಜವೇ.
ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು ತಳ ಸೇರುವ
ಆ ಒಂದು ಕ್ಷಣಕ್ಕೆ ಮಾತ್ರ
ಎರಡು ವರ್ಷ ಅತ್ತಿದ್ದೇನೆ.

ಮೊದಲ ವರ್ಷ ಮೈ ಬಂತು. ಕುಪ್ಪಸದ ಹೊಲಿಗೆ ಬಿಚ್ಚಿದೆ.
ಆಮೇಲೆ, ಕಾರಣವಿಲ್ಲದೆ, ಇಳಿಯತೊಡಗಿತು.
ಪಂಕ್ಚರ್ ಅಂಗಡಿಯ ಇಲಿಯಾಸ್ ಅಂದ, 'ಅಕ್ಕಾ, ಗಾಳಿ ಕಮ್ಮಿಯಾಗಿದೆ.'
ನಾದಿನಿ ರೂಪಕಲಾ ಕೇಳಿದಳು, 'ಯಾವ ಡಯಟ್ಟು? ನಂಗೂ ಹೇಳೇ.'
ಬಳೆ ಮೊಣಕೈವರೆಗೆ ಹತ್ತಿ ಹೋಗಿ
ಕೆಳಗೆ ಬರುವಾಗ ಬೆರಳು ದಾಟಿತು.
ಥೈರಾಯ್ಡ್ ನೋಡಿದರು, ಸಕ್ಕರೆ ನೋಡಿದರು, ಕಫ ನೋಡಿದರು.
ನಾರ್ಮಲ್, ನಾರ್ಮಲ್, ನಾರ್ಮಲ್.
ಒಳ್ಳೆಯ ಮಾತಿಗೆ ಇಷ್ಟು ಹೆದರಿದ್ದು ಅದೇ ಮೊದಲು.
'ಬಾಯಿಗೆ ಎಲ್ಲೋ ಗೋಧಿ ಹೋಗ್ತಿದೆ' ಎಂದು
ಡಾಕ್ಟರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು,
ಮರಳ ಲಾರಿಯವನ ಪರ್ಮಿಟ್ಟನ್ನು ನಾನು ನೋಡುವ ಹಾಗೆ.
ಗುತ್ಯಪ್ಪ ರಾತ್ರಿ ನನ್ನ ಬೆನ್ನಮೂಳೆ ಸವರುತ್ತ
ಆ ಒಂದು ಹೆಸರನ್ನು ನುಂಗಿಕೊಂಡ.
ನಾನೂ.

ಮಾವನವರು ಮಿಲ್ಲು ನಿಂತ ಮೇಲೆ ಅಡುಗೆ ಕಲಿತವರು.
'ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತಂತೆ,
ಆ ಮಂಗ ನಾನೇ' ಎಂದು ನಗುವವರು.
ರಾತ್ರಿ ಮಲಗುವ ಮುಂಚೆ ಒಂದು ಲೋಟ ಮಜ್ಜಿಗೆ
ತಪ್ಪದೆ ತಂದುಕೊಡುವರು,
'ಹೊಟ್ಟೆ ಸೋತವರಿಗೆ ಇಂಗೇ ಮದ್ದು ಕಣವ್ವ.'
ನಾನು ಇಳಿದಂತೆಲ್ಲ ಅವರ ಚಿಟಿಕೆ ದೊಡ್ಡದಾಯಿತು.

ಖಾಲಿ ಡಬ್ಬಿ ಎಸೆಯಲು ಹೋದವಳು
ಕಸುಬಿನ ಚಾಳಿ, ನಿವ್ವಳ ತೂಕ ಓದಿದೆ:
ಐವತ್ತು ಗ್ರಾಂ.
ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ.
ಗೋಂದು. ಗೋಧಿ ಹಿಟ್ಟು.
ಹೆಸರಿಗೆ ಕಾರಣವಾದ ಇಂಗು ಕಟ್ಟಕಡೆಗೆ.

ಆ ರಾತ್ರಿ ಲೋಟ ಇಸಿದುಕೊಂಡು ಹಿತ್ತಿಲಿಗೆ ಹೋಗಿ
ಕರಿಬೇವಿನ ಬುಡಕ್ಕೆ ಸುರಿದೆ.
ಮರುದಿನವೂ. ಆರು ದಿನ.
ಏಳನೆಯ ದಿನ ಮಾವ ಎಲೆ ಕೀಳಲು ಹೋಗಿ
ಬಗ್ಗಿ, ಮಣ್ಣು ಮುಟ್ಟಿ, ಬೆರಳು ಮೂಸಿದರು.
ಹೇಳಲೇಬೇಕಾಯಿತು.
ಅವರು ಏನೂ ಅನ್ನಲಿಲ್ಲ.
ನಲ್ಲಿಯ ಕೆಳಗೆ ಆ ಒಂದೇ ಲೋಟವನ್ನು
ತುಂಬ ಹೊತ್ತು ತೊಳೆದರು.

'ಇರಬಹುದು' ಅಂದರು ಡಾಕ್ಟರು. 'ಚಿಟಿಕೆ ಹಿಟ್ಟಿಗೆ
ಇಷ್ಟು ಇಳಿಯುತ್ತದಾ? ಹೇಳಲಾರೆ. ಮೂರು ತಿಂಗಳು ನೋಡೋಣ.'

ಕರಿಬೇವು ಏನೋ ಚಿಗುರಿದೆ.
ಇವತ್ತು ಮತ್ತೆ ಹಾಸಿನ ಮೇಲೆ ನಿಂತೆ. ನಲವತ್ತು.
ನಲವತ್ತೊಂದೋ ನಲವತ್ನಾಲ್ಕೋ,
ಏರುತ್ತಿರುವ ನಲವತ್ತೋ ಇಳಿಯುತ್ತಿರುವುದೋ
ಎಂದು ಅಂಕಿಯನ್ನೇ ನೋಡುತ್ತಿದ್ದಾಗ
ಹಿಂದೆ ಹಾರನ್ನು. ಮೈದಾ ಮೂಟೆಯ ಲಾರಿ.
ಟಾರ್ಪಾಲಿನ ಸಂದಿಯಿಂದ ಬಿಳಿ ಪುಡಿ ಹಾರುತ್ತಿತ್ತು.
'ಇಳೀರಕ್ಕಾ,' ಡ್ರೈವರು ಕೂಗಿದ,
'ಗಾಡಿ ಹತ್ತಬೇಕು.'
ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದೆ.